ಗುಡ್ಡದ ಬೆಂಕಿ ಆರಿದ ಮೇಲೆ ಮಳೆಗೆ ಯಾಕೆ ಹೆದರಬೇಕು?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವರ ಮನೆ ಹಿಂದಿನ ಗುಡ್ಡ ಕಾಳ್ಗಿಚ್ಚಿಗೆ ಸುಟ್ಟಿತ್ತು. ಈಗ ಮಳೆ ಬರುತ್ತದೆ, ಮನೆ ಬಿಡಿ ಅಂತಿದ್ದಾರಂತೆ. ಸುಟ್ಟ ಗುಡ್ಡಕ್ಕೆ ಮಳೆ ಒಳ್ಳೆಯದೇ ಅಲ್ವಾ?

ಗಿಡಕ್ಕೆ ಒಳ್ಳೆಯದು ನಿಜ. ಕೆಳಗಿರುವ ಮನೆಗಲ್ಲ. ಬಿಡಿ ಅಂದರೆ ಬಿಡಲೇಬೇಕು.

ಅಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಕುರುಚಲು ಗಿಡಗಳ ಎಲೆಯಲ್ಲಿ ಮೇಣದಂಥ ಅಂಶ ಜಾಸ್ತಿ. ಬೆಂಕಿ ಬಿದ್ದಾಗ ಅದು ಆವಿಯಾಗಿ ಮಣ್ಣಿಗಿಳಿದು, ಸ್ವಲ್ಪ ಕೆಳಗೆ ತಣ್ಣಗಾಗಿ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಅಂಥ ಕಡೆ ಬೂದಿ ಸರಿಸಿ ಒಂದು ಲೋಟ ನೀರು ಹಾಕಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತುಮುತ್ತಾಗಿ ನಿಲ್ಲುತ್ತದೆ. ಬೆರಳಿಂದ ಕೆದಕಿದರೆ ಅಡಿಯಲ್ಲಿ ಒಣ ಪುಡಿ. ಬಿದ್ದ ಮಳೆಯನ್ನು ತಡೆಯಲು ಎಲೆಯೂ ಇಲ್ಲ, ಕಸಕಡ್ಡಿಯೂ ಇಲ್ಲ. ಹೀಗಾಗಿ ನೀರೆಲ್ಲ ಒಮ್ಮೆಗೇ ಇಳಿಜಾರಿಗೆ ಓಡುತ್ತದೆ, ಬೂದಿ, ಮರಳು, ಕಲ್ಲು ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಹಳ್ಳಕ್ಕೆ ಸೇರುವಷ್ಟರಲ್ಲಿ ಅದು ನೀರಾಗಿ ಉಳಿದಿರುವುದಿಲ್ಲ, ಕಲಸಿದ ಕಾಂಕ್ರೀಟಿನ ಹದಕ್ಕೆ ಬಂದಿರುತ್ತದೆ. ಕಾರಿನಷ್ಟು ದೊಡ್ಡ ಬಂಡೆಗಳೂ ಅದರ ಜೊತೆ ಉರುಳುತ್ತವೆ.

ನಮ್ಮ ಕೊಡಗಿನಲ್ಲಿ 2018ರಲ್ಲಿ ಗುಡ್ಡ ಕುಸಿದದ್ದು ಬೇರೆ ರೀತಿ. ಅಲ್ಲಿ ದಿನಗಟ್ಟಲೆ ಮಳೆ ಸುರಿದು, ನೀರು ಆಳಕ್ಕೆ ಇಂಗಿ, ಮಣ್ಣು ಜಾರಿತು. ಸುಟ್ಟ ಗುಡ್ಡದಲ್ಲಿ ತೊಂದರೆ ಇರುವುದೇ ನೀರು ಇಂಗದಿರುವುದರಲ್ಲಿ. ಅದಕ್ಕೇ ಒಟ್ಟು ಎಷ್ಟು ಮಳೆ ಬಂತು ಅನ್ನುವುದಕ್ಕಿಂತ, ಹದಿನೈದು ನಿಮಿಷದಲ್ಲಿ ಎಷ್ಟು ಸುರಿಯಿತು ಅನ್ನುವುದೇ ಮುಖ್ಯ.

ಕ್ಯಾಲಿಫೋರ್ನಿಯಾದ್ದೇ ಆದ ಮಾಂಟೆಸಿಟೊ ಊರನ್ನೇ ನೋಡಿ. 2017ರ ಡಿಸೆಂಬರ್‌ನಲ್ಲಿ ಥಾಮಸ್ ಫೈರ್ ಎಂಬ ಕಾಳ್ಗಿಚ್ಚು 2.8 ಲಕ್ಷ ಎಕರೆ ಸುಟ್ಟಿತು. ಅದು ಪೂರ್ತಿ ಹತೋಟಿಗೆ ಬಂದದ್ದು ಜನವರಿ 12ಕ್ಕೆ, ಮಣ್ಣು ಬಂದದ್ದು ಅದಕ್ಕೂ ಮೊದಲು, 9ರ ಬೆಳಗಿನ ಜಾವ. ಐದೇ ನಿಮಿಷದಲ್ಲಿ ಸುಮಾರು 13 ಮಿ.ಮೀ. ಮಳೆ! ಸೇತುವೆಗಳ ಕೆಳಗೆ ಬಂಡೆ, ಮರ ಸಿಕ್ಕಿಕೊಂಡು, ಹರಿವು ಹಳ್ಳ ಬಿಟ್ಟು ಮನೆಗಳ ಮೇಲೆ ನುಗ್ಗಿತು. 23 ಜನ ಹೋದರು. 101 ಹೆದ್ದಾರಿ ಎರಡು ವಾರದಷ್ಟು ಬಂದ್ ಆಗಿತ್ತು. ನನಗೆ ತುಂಬಾ ಸಂಕಟ ಆಗುವುದು ಒಂದು ವಿಷಯಕ್ಕೆ: ಸತ್ತವರಲ್ಲಿ ಹೆಚ್ಚಿನವರು ಕಡ್ಡಾಯವಾಗಿ ಖಾಲಿ ಮಾಡಬೇಕಿದ್ದ ಜಾಗದವರಲ್ಲ, ಅದರ ಕೆಳಗಿನ ಬೀದಿಗಳವರು. ಬೇಕಿದ್ದರೆ ಹೋಗಿ ಅಂತಷ್ಟೇ ಅವರಿಗೆ ಹೇಳಿದ್ದರು.

ಆದ್ದರಿಂದ ಮಗಳಿಗೆ ಹೇಳಿ, ಕಡ್ಡಾಯ ಅಂತ ಬರುವವರೆಗೆ ಕಾಯುವುದು ಬೇಡ, ಕತ್ತಲಾಗುವ ಮೊದಲೇ ಹೊರಡಲಿ. ಅಕಸ್ಮಾತ್ ಸಿಕ್ಕಿಹಾಕಿಕೊಂಡರೆ ಕಾರು ಹತ್ತಿ ಹಳ್ಳ ದಾಟಲು ಹೋಗಬಾರದು, ಮನೆಯ ಮೇಲಿನ ಮಹಡಿಗೆ ಹೋಗಬೇಕು. ಮೊದಲ ಎರಡು ವರ್ಷ ಅಪಾಯ ಜಾಸ್ತಿ. ಗಿಡ ಚಿಗುರಿ ಬೇರು ಹಿಡಿದ ಹಾಗೆ ಕಡಿಮೆಯಾಗುತ್ತಾ ಬರುತ್ತದೆ. ಅಲ್ಲಿಯವರೆಗೆ ಜೋರು ಮಳೆಯ ಮುನ್ಸೂಚನೆ ಬಂದಾಗಲೆಲ್ಲ ಬ್ಯಾಗು ಬಾಗಿಲ ಹತ್ತಿರವೇ ಇರಲಿ, ರಾತ್ರಿ ಫೋನು ಸೈಲೆಂಟ್‌ನಲ್ಲಿ ಇಡುವುದು ಬೇಡ.