ಇನ್‌ಸ್ಟಾಗ್ರಾಂ ಗೆಳೆಯ ಭೇಟಿಗೆ ಕರೆದಿದ್ದಾನೆ, ಮಗಳ ಫೋನ್ ಕಿತ್ತುಕೊಳ್ಳಲೇ?

ಪ್ರಶ್ನೆ: ಮಗಳಿಗೆ 16 ವರ್ಷ, ಪಿಯುಸಿ ಓದುತ್ತಿದ್ದಾಳೆ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ಹುಡುಗ ಈಗ ಸಿಗೋಣ ಅಂತಿದ್ದಾನಂತೆ. ಅವಳೇ ಹೇಳಿದಳು. ಫೋನ್ ಕಿತ್ತಿಟ್ಟುಕೊಳ್ಳಲೇ?

ಉತ್ತರ: ಬೇಡ. ಅವಳಾಗಿ ಬಂದು ಹೇಳಿದ್ದಾಳಲ್ಲ, ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಫೋನ್ ಕಿತ್ತುಕೊಂಡರೆ ಮಾತುಕತೆ ಗೆಳತಿಯ ಫೋನಿನಲ್ಲಿ ಮುಂದುವರಿಯುತ್ತದೆ, ನಿಮಗೆ ಹೇಳುವುದು ಮಾತ್ರ ನಿಲ್ಲುತ್ತದೆ. ‘ನಿನ್ನ ಫೋಟೊ ನಿಮ್ಮಪ್ಪನಿಗೆ ಕಳಿಸ್ತೀನಿ’ ಎಂದು ಬೆದರಿಸುವವರಿಗೆ ಬಲ ಬರುವುದೇ ಮಕ್ಕಳಿಗೆ ಮನೆಯ ಭಯ ಇದ್ದಾಗ.

ಹುಡುಗ ಯಾರೆಂದು ಇಬ್ಬರೂ ಕೂತು ನೋಡಿ. ಅವನ ಪ್ರೊಫೈಲಿನ ಮೂರು ಚುಕ್ಕೆ ಒತ್ತಿ, ‘ಅಬೌಟ್ ದಿಸ್ ಅಕೌಂಟ್’ ತೆರೆದರೆ ಖಾತೆ ಯಾವಾಗ ಶುರುವಾಯಿತೆಂದು ತಿಳಿಯುತ್ತದೆ. ಫೋಟೊಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಮುಖ ಬೇರೆ ಹೆಸರಿನಲ್ಲಿ ಸಿಕ್ಕರೆ ಮಾತು ಅಲ್ಲಿಗೇ ಮುಗಿಯಲಿ. ಸಿಗದಿದ್ದ ಮಾತ್ರಕ್ಕೆ ಅಸಲಿ ಎಂದೇನೂ ಅಲ್ಲ. ವಿಡಿಯೊ ಕಾಲ್‌ನಲ್ಲಿ ಕಾಣುವುದು ನಕಲಿ ಮುಖವೇ ಎಂದು ನೋಡಲು, ಪೂರ್ತಿ ಪಕ್ಕಕ್ಕೆ ತಿರುಗುವಂತೆ, ಮುಖದ ಮುಂದೆ ಕೈ ಆಡಿಸುವಂತೆ ಹೇಳಲಿ. ‘ಕ್ಯಾಮೆರಾ ಹಾಳಾಗಿದೆ’ ಎಂಬ ನೆಪ ಮತ್ತೆಮತ್ತೆ ಬಂದರೆ ಭೇಟಿಯೇ ಬೇಡ.

ಭೇಟಿ ಹಗಲಿನಲ್ಲಿ, ಜನರ ನಡುವೆ ಆಗಲಿ. ಕಬ್ಬನ್ ಪಾರ್ಕಿನ ಒಳಗಿನ ಬೆಂಚಿಗಿಂತ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಗಿಜಿಗುಡುವ ಹೋಟೆಲ್ ಮೇಲು. ಹೋಗುವುದು, ಬರುವುದು ಅವಳದೇ ವ್ಯವಸ್ಥೆಯಲ್ಲಿ. ಅವನ ಬೈಕ್ ಹತ್ತುವುದಿಲ್ಲ. ವಾಟ್ಸ್‌ಆ್ಯಪ್ ಲೈವ್ ಲೊಕೇಶನ್ ಅನ್ನು 8 ಗಂಟೆಗಳ ಅವಧಿಗೆ ನಿಮಗೆ ಹಂಚಿ ಹೊರಡಲಿ. ಪಕ್ಕದ ಮೇಜಿನಲ್ಲಿ ಅವಳು ನಂಬುವ ಅಕ್ಕನೋ ಅತ್ತಿಗೆಯೋ ಕೂತಿದ್ದರೆ ಇನ್ನೂ ಒಳ್ಳೆಯದು. ಕೊನೆ ಗಳಿಗೆಯಲ್ಲಿ ಅವನು ಜಾಗ ಬದಲಿಸಿದರೆ ವಾಪಸ್ ಬರುವುದು.

ಕಾನೂನನ್ನೂ ಬಿಡಿಸಿ ಹೇಳಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಲ್ಲಿ, ಲೈಂಗಿಕ ಸಂಪರ್ಕಕ್ಕೆ 18ರ ಒಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಹುಡುಗನೂ ಅಪ್ರಾಪ್ತನಾಗಿದ್ದರೆ ಅವನ ಮೇಲೂ ಪ್ರಕರಣ ಆಗಬಹುದು.

ಹೆಚ್ಚಿನ ಅನಾಹುತ ಶುರುವಾಗುವುದು ಫೋಟೊದಿಂದ. ‘ಒಮ್ಮೆ ಮಾತ್ರ ನೋಡಬಹುದು’ ಎಂದು ಕಳಿಸಿದ್ದನ್ನೂ ಇನ್ನೊಂದು ಫೋನಿನಿಂದ ಸೆರೆಹಿಡಿಯಬಹುದು. ಗಂಡುಮಕ್ಕಳಿಗೂ ಇದನ್ನು ಹೇಳಲೇಬೇಕು: ಹುಡುಗಿಯ ಹೆಸರಿನ ಖಾತೆಯಿಂದ ಮಾತಿಗೆಳೆದು, ಬೆತ್ತಲೆ ಚಿತ್ರ ತರಿಸಿಕೊಂಡು ದುಡ್ಡು ಕೀಳುವವರು ಹುಡುಗರನ್ನೇ ಹುಡುಕುತ್ತಾರೆ.

ಬೆದರಿಕೆ ಬಂದರೆ ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಇಲ್ಲಿ ದುಡ್ಡು ಹುಟ್ಟುತ್ತದೆ ಎಂದು ಗೊತ್ತಾಗಿ ಮತ್ತೆ ಕೇಳುತ್ತಾರೆ. ಈಗಾಗಲೇ ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಚಾಟ್ ಅಳಿಸಬೇಡಿ. ಬ್ಲಾಕ್ ಮಾಡುವ ಮುಂಚೆ ಬೆದರಿಕೆಯ ಮಾತು, ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಮೇಲೆ ಕಾಣುವ ಹೆಸರೊಂದೇ ಸಾಲದು, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮಗುವಿನ ಚಿತ್ರವನ್ನು ಮಾತ್ರ ಮಾವನಿಗೂ ವಕೀಲರಿಗೂ ಫಾರ್ವರ್ಡ್ ಮಾಡಬೇಡಿ. ಅಪ್ರಾಪ್ತರ ಅಂಥ ಚಿತ್ರ ರವಾನಿಸುವುದೇ ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ.

‘ಟೇಕ್ ಇಟ್ ಡೌನ್’ ಎಂಬ ಉಚಿತ ತಾಣ ಚಿತ್ರದ ಡಿಜಿಟಲ್ ಗುರುತನ್ನು ನಿಮ್ಮ ಫೋನಿನಲ್ಲೇ ತಯಾರಿಸುತ್ತದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ. ಆ ಗುರುತು ಸಿಕ್ಕರೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಅದನ್ನು ತಡೆಯಬಹುದು. ವಾಟ್ಸ್‌ಆ್ಯಪ್‌ನಂಥ ಖಾಸಗಿ ಚಾಟ್‌ಗಳಲ್ಲಿ ಇದು ನಡೆಯದು.

ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಗರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ಕೊಡಬಹುದು. 1098 ಮಕ್ಕಳ ಸಹಾಯವಾಣಿ. ಠಾಣೆ ಎಂದರೆ ಹಿಂಜರಿಯುವವರಿಗೆ ಒಂದು ಮಾತು: ಪೋಕ್ಸೊ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಸಮವಸ್ತ್ರದಲ್ಲಿರಬಾರದು, ಹೆತ್ತವರು ಜೊತೆಗಿರಬಹುದು.

ಬೆದರಿಕೆ ಬಂದ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ‘ಯಾಕೆ ಕಳಿಸಿದೆ’ ಎಂಬ ವಿಚಾರಣೆ ಆಮೇಲಿರಲಿ. ಮಗು ಮಾತು ನಿಲ್ಲಿಸಿದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಆಗಲೇ ಕರೆ ಮಾಡಿ. ಕನ್ನಡದಲ್ಲೇ, ದಿನದ 24 ಗಂಟೆಯೂ ಮಾತಾಡುತ್ತಾರೆ.