ಭರಣಿಯ ಉಪ್ಪು ನೀರೊಡೆಯುವುದೇಕೆ?

ಮಳೆಗಾಲ ಹಿಡಿದರೆ ಕುಮಟೆಯಲ್ಲೂ ಶಿರಸಿಯಲ್ಲೂ ಹರಳುಪ್ಪಿನ ಭರಣಿ ನೀರೊಡೆಯುತ್ತದೆ. ನಾವು ಉಪ್ಪನ್ನು ದೂರುತ್ತೇವೆ. ಹೆಚ್ಚಿನ ತಪ್ಪು ಮೆಗ್ನೀಷಿಯಂನದು.

ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಮೂಲವಸ್ತುಗಳನ್ನು ಜೋಡಿಸಿದ ಆವರ್ತಕ ಕೋಷ್ಟಕದಲ್ಲಿ ಸೋಡಿಯಂ 11ನೆಯ ಮನೆ, ಮೆಗ್ನೀಷಿಯಂ ಅದರ ಮಗ್ಗುಲಿನ 12ನೆಯದು. ಈ ಅಂಕಿ ಪರಮಾಣುವಿನೊಳಗಿನ ಪ್ರೋಟಾನ್‌ಗಳ ಲೆಕ್ಕ. ಅಡ್ಡಸಾಲಿಗೆ ಆವರ್ತ, ಕಂಬಸಾಲಿಗೆ ಗುಂಪು ಎಂದು ಹೆಸರು. ಒಂದೇ ಮನೆ ಸರಿದರೂ ಗುಂಪು ಬದಲಾಗುತ್ತದೆ, ಗುಣವೂ ಬದಲಾಗುತ್ತದೆ. ಸೋಡಿಯಂ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟರೆ ಮೆಗ್ನೀಷಿಯಂ ಎರಡನ್ನು ಕೊಡುತ್ತದೆ. ಹೀಗೆ ಎಲೆಕ್ಟ್ರಾನ್ ಕೊಟ್ಟು ಉಳಿದ ಪರಮಾಣುವಿಗೆ ಅಯಾನು ಎಂದು ಹೆಸರು. ಸೋಡಿಯಂನದಕ್ಕಿಂತ ಮೆಗ್ನೀಷಿಯಂ ಅಯಾನು ಗಾತ್ರದಲ್ಲಿ ಚಿಕ್ಕದು, ವಿದ್ಯುದಾವೇಶದಲ್ಲಿ ಇಮ್ಮಡಿ. ಜಾತ್ರೆಯ ನೂಕುನುಗ್ಗಲಲ್ಲಿ ಮಗು ತಾಯಿಯನ್ನು ಒಂದು ಕೈಯಲ್ಲಿ ಹಿಡಿಯುವುದಕ್ಕೂ ಎರಡೂ ಕೈಯಲ್ಲಿ ತಬ್ಬುವುದಕ್ಕೂ ಇರುವ ಅಂತರ ಇದು. ಹಲಸಿನ ಮೇಣ ಬೆರಳಿಗೆ ಅಂಟಿದ ಹಾಗೆ ಆರು ನೀರಿನ ಅಣುಗಳು ಒಂದೊಂದು ಮೆಗ್ನೀಷಿಯಂ ಅಯಾನಿಗೂ ಅಂಟಿ ಕೂರುತ್ತವೆ. ಶುದ್ಧ ಉಪ್ಪು ಕರಗಬೇಕಾದರೆ ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ತೇವದಲ್ಲಿ ಈಗಿರುವ ಪಾಲು, ಶೇ. 75 ದಾಟಬೇಕು, ಮೆಗ್ನೀಷಿಯಂ ಕ್ಲೋರೈಡಿಗೆ ಸುಮಾರು ಶೇ. 33 ಸಾಕು.

ಮೆಗ್ನೀಷಿಯಂ ಉಪ್ಪಿಗೆ ಸೇರುವುದು ಉಪ್ಪಿನ ಆಗರದಲ್ಲೇ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸೋಡಿಯಂ ಸುಮಾರು 10.8 ಗ್ರಾಂ, ಮೆಗ್ನೀಷಿಯಂ 1.3 ಗ್ರಾಂ. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಆಗರಗಳಲ್ಲಿ ಬಿಸಿಲಿಗೆ ನೀರು ಇಂಗುತ್ತ ಬಂದಂತೆ ಉಪ್ಪಿಗಿಂತ ಮೊದಲು ಜಿಪ್ಸಂ ಕೂರುತ್ತದೆ, 25 ಡಿಗ್ರಿ ಬೋಮೆಯ (ಉಪ್ಪುನೀರಿನ ಸಾಂದ್ರತೆ ಅಳೆಯುವ ಮಾನ) ಹೊತ್ತಿಗೆ ಉಪ್ಪು ಹರಳುಗಟ್ಟುತ್ತದೆ. 29–30 ದಾಟುವ ಮೊದಲೇ ಉಳಿದ ಕಹಿನೀರನ್ನು ಹೊರಗೆ ಬಿಡಬೇಕು. ತಡವಾದರೆ ಮೆಗ್ನೀಷಿಯಂ ಲವಣಗಳು ಹರಳಿನ ಮೈಗೆ ಹತ್ತಿಕೊಂಡು ಉಪ್ಪು ಕಹಿಯಾಗುತ್ತದೆ.

ಹರಳುಪ್ಪನ್ನು ‘ರಾಸಾಯನಿಕವಿಲ್ಲದ ಉಪ್ಪು’ ಎಂದು ಕರೆಯುವುದು ಮಾತ್ರ ದಯವಿಟ್ಟು ಬೇಡ. ಉಪ್ಪೇ ರಾಸಾಯನಿಕ, ನೂರು ಗ್ರಾಂನಲ್ಲಿ 39 ಗ್ರಾಂ ಸೋಡಿಯಂ, ಮಿಕ್ಕಿದ್ದು ಕ್ಲೋರಿನ್. ಮೊದಲನೆಯದು ನೀರಿಗೆ ಬಿದ್ದರೆ ಉರಿಯುವ ಲೋಹ, ಎರಡನೆಯದು ವಿಷಾನಿಲ. ಇವು ಮೂಲವಸ್ತುಗಳು. ಕೂಡಿ ಸಂಯುಕ್ತವಾದಾಗ ಹಳೆಯ ಗುಣ ಉಳಿಯುವುದಿಲ್ಲ. 1807ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಕರಗಿದ ಕಾಸ್ಟಿಕ್ ಸೋಡಾಕ್ಕೆ ವಿದ್ಯುತ್ ಹಾಯಿಸಿದಾಗಲೇ ಸೋಡಿಯಂ ಒಂಟಿಯಾಗಿ ಕೈಗೆ ಸಿಕ್ಕಿದ್ದು.

ಮೆಗ್ನೀಷಿಯಂ ಕಳೆಯಲು ಉಪ್ಪು ತೊಳೆಯುವುದಾದರೆ ಮಳೆಗೆ ಮೊದಲು, ಏಪ್ರಿಲ್‌ನಲ್ಲೇ ತೊಳೆಯಿರಿ. ಬರಿನೀರು ಬೇಡ, 100 ಮಿಲೀ ನೀರು 36 ಗ್ರಾಂ ಉಪ್ಪನ್ನು ನುಂಗುತ್ತದೆ. 250 ಮಿಲೀ ನೀರಿಗೆ 90 ಗ್ರಾಂ ಉಪ್ಪು ಕರಗಿಸಿ, ಬುಟ್ಟಿಯಲ್ಲಿಟ್ಟ ಒಂದು ಕಿಲೋ ಹರಳಿನ ಮೇಲೆ ಸುರಿಯಿರಿ. ಮೊದಲೇ ತುಂಬಿದ ಈ ನೀರು ಉಪ್ಪನ್ನು ಕರಗಿಸದೆ ಮೆಗ್ನೀಷಿಯಂ ಅನ್ನು ಒಯ್ಯುತ್ತದೆ. ರಾತ್ರಿಯಿಡೀ ಸೋರಲು ಬಿಟ್ಟು ಬಿಸಿಲಿಗೆ ಹರವಿ, ಬಿಗಿ ಮುಚ್ಚಳದ ಭರಣಿಗೆ ತುಂಬಿ.

ಆಗರದ ಕಹಿನೀರಿನಲ್ಲಿ ಬ್ರೋಮಿನ್ ಕೂಡ ಇದೆ. ಕೋಷ್ಟಕದಲ್ಲಿ ಅದು ಕ್ಲೋರಿನ್‌ನ ನೇರ ಕೆಳಗಿನ 35ನೆಯ ಮನೆ. 1826ರಲ್ಲಿ ಜಗತ್ತಿಗೆ ತಿಳಿಸಿದ ಫ್ರೆಂಚ್ ರಸಾಯನವಿಜ್ಞಾನಿ ಬಲಾರ್ ಅದನ್ನು ಕಂಡದ್ದೂ ಫ್ರಾನ್ಸಿನ ಉಪ್ಪಿನ ಆಗರದ ಇಂಥದೇ ಕಹಿನೀರಿನಲ್ಲಿ.