ಹಲವರು ಸೇರಿ ಬರೆದ ಕವಿತೆಗೆ ಕವಿ ಯಾರು?

ಅಂತರ್ಜಾಲದಲ್ಲಿ ಹಲವರು ಸೇರಿ ಒಂದೇ ಕವಿತೆಯನ್ನು ಕಟ್ಟುವ ರೂಢಿ ತಂತ್ರಜ್ಞಾನದ ಕೂಸಿನಂತೆ ತೋರುತ್ತದೆ. ಆದರೆ ಮುಂದಿನ ಸಾಲು ಯಾರದು, ಬರೆದದ್ದನ್ನು ತಿದ್ದುವ ಹಕ್ಕು ಯಾರಿಗಿದೆ, ಕವಿತೆ ಮುಗಿಯಿತೆಂದು ಹೇಳಬೇಕಾದವರು ಯಾರು ಎಂಬ ಅದರ ಮೂಲ ಪ್ರಶ್ನೆಗಳು ಶತಮಾನಗಳಷ್ಟು ಹಳೆಯವು.

ರೆಂಗಾ ಎಂಬ, ಹಲವರು ಸರದಿಯಂತೆ ಕಟ್ಟುವ ಪದ್ಯಮಾಲೆಯನ್ನು ರಚಿಸುತ್ತಿದ್ದ ಜಪಾನಿನ ಕವಿಗಳು ಇವಕ್ಕೆ ಖಚಿತವಾದ ಉತ್ತರ ಕಂಡುಕೊಂಡಿದ್ದರು. 1488ರಲ್ಲಿ ಸೋಗಿ, ಶೋಹಾಕು, ಸೋಚೊ ಎಂಬ ಮೂವರು ಮಿನಾಸೆಯಲ್ಲಿ ರಚಿಸಿದ ನೂರು ಪದ್ಯಗಳ ಮಾಲೆ ಈ ಪ್ರಕಾರದ ಮೇರುಕೃತಿ. ಒಬ್ಬರ 5-7-5 ಮಾತ್ರೆಗಳ ಪದ್ಯಕ್ಕೆ ಇನ್ನೊಬ್ಬರು 7-7 ಮಾತ್ರೆಗಳದನ್ನು ಜೋಡಿಸುತ್ತಿದ್ದರು. ಹೊಸ ಪದ್ಯವು ತನ್ನ ಹಿಂದಿನದಕ್ಕೆ ಹೊಂದಬೇಕಿತ್ತು, ಆದರೆ ಅದಕ್ಕೂ ಹಿಂದಿನದರಿಂದ ಬೇರೆಡೆಗೆ ಹೊರಳಬೇಕಿತ್ತು. ಹೀಗಾಗಿ ಇಡೀ ಕವಿತೆಯನ್ನು ತನ್ನ ವಸ್ತುವಿನತ್ತಲೇ ಎಳೆದೊಯ್ಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಗೋಷ್ಠಿಯನ್ನು ನಡೆಸಲು ಒಬ್ಬ ಗುರು, ನಿಯಮ ತಪ್ಪದಂತೆ ನೋಡಿಕೊಳ್ಳಲು ಒಬ್ಬ ಲಿಪಿಕಾರ ಇರುತ್ತಿದ್ದರು.

1920ರ ದಶಕದಲ್ಲಿ ಕನಸು ಮತ್ತು ಸುಪ್ತಮನಸ್ಸನ್ನು ಕಲೆಯ ಮೂಲವೆಂದು ನಂಬಿದ ಪ್ಯಾರಿಸ್ಸಿನ ಸರ್ರಿಯಲಿಸ್ಟರು ಕಾಗದ ಮಡಚಿ, ಹಿಂದಿನವರು ಬರೆದದ್ದು ಕಾಣದಂತೆ ಪದ ಸೇರಿಸುವ ಆಟವಾಡಿದರು. 1969ರಲ್ಲಿ ಅದೇ ನಗರದಲ್ಲಿ ಮೆಕ್ಸಿಕೊದ ಒಕ್ಟಾವಿಯೊ ಪಾಸ್ ಸೇರಿದಂತೆ ನಾಲ್ವರು ಕವಿಗಳು ನಾಲ್ಕು ಭಾಷೆಗಳಲ್ಲಿ ಒಂದೇ ರೆಂಗಾ ಬರೆದರು.

ಸರದಿಯಂತೆ ಸಾಗುವ ಈ ಕ್ರಮ ಇಮೇಲಿಗೆ ಸಹಜವಾಗಿಯೇ ಒಗ್ಗಿತು. ನಿಜವಾದ ಪಲ್ಲಟವನ್ನು ತಂದದ್ದು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಆರಂಭಿಸಿದ ವಿಕಿ ಎಂಬ ಬಗೆಯ ಜಾಲತಾಣ. ಅಲ್ಲಿ ಸರದಿಯೂ ಇಲ್ಲ, ಗುರುವೂ ಇಲ್ಲ; ಯಾರ ಸಾಲನ್ನು ಯಾರು ಬೇಕಾದರೂ ಬದಲಿಸಬಹುದು. ವಿಶ್ವಕೋಶಕ್ಕೆ ಇದು ವರವೇ ಸರಿ, ಏಕೆಂದರೆ ಅಲ್ಲಿನ ಜಗಳಗಳನ್ನು ಆಧಾರ ತೋರಿಸಿ ಬಗೆಹರಿಸಬಹುದು. ಕವಿತೆಯ ಒಂದು ಪದ ಸರಿಯೆನ್ನಲು ಯಾವ ಆಧಾರವನ್ನು ತೋರಿಸೋಣ? ಎಲ್ಲರಿಗೂ ಒಪ್ಪಿಗೆಯಾಗುವಂತೆ ತಿದ್ದುತ್ತ ಹೋದರೆ, ಮೊದಲು ಕಳೆದುಹೋಗುವುದು ಯಾರೋ ಒಬ್ಬರಿಗೆ ಮಾತ್ರ ಹೊಳೆಯಬಹುದಾಗಿದ್ದ ವಿಲಕ್ಷಣ ಸಾಲು. ನನಗೆ ಇದು ಸಣ್ಣ ನಷ್ಟವೆನಿಸುವುದಿಲ್ಲ. 2006ರಲ್ಲಿ ಬಂದ ಗೂಗಲ್ ಡಾಕ್ಸ್‌ನಂಥ ಸಾಧನಗಳಲ್ಲಿ ಒಂದೇ ಸಾಲಿನ ಮೇಲೆ ಹಲವರು ಏಕಕಾಲಕ್ಕೆ ಕೈಯಾಡಿಸಬಹುದಾದ್ದರಿಂದ, ಮೊದಲೇ ನಿಯಮ ಒಪ್ಪಿಕೊಂಡ ಸಣ್ಣ ಗುಂಪಿನ ಅಗತ್ಯ ಇನ್ನಷ್ಟು ಹೆಚ್ಚಿದೆ.

ಹಕ್ಕಿನ ಪ್ರಶ್ನೆಯೂ ಇಲ್ಲಿಯೇ ಜಟಿಲವಾಗುತ್ತದೆ. ಜಂಟಿ ಕೃತಿಯನ್ನು ಪ್ರಕಟಿಸಲು ಸಾಮಾನ್ಯವಾಗಿ ಸಹಕರ್ತೃಗಳ ಸಮ್ಮತಿ ಬೇಕು. ಅಡ್ಡಹೆಸರಿನಲ್ಲಿ ಒಂದು ಸಾಲು ಬರೆದು ಹೋದವರನ್ನು ಹುಡುಕುವುದಾದರೂ ಎಲ್ಲಿ? 2002ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಮುಂಗಡವಾಗಿಯೇ ಅನುಮತಿ ನೀಡುವ ದಾರಿ ತೆರೆದವು. ಆದರೆ ಮರುಬಳಕೆಗೆ ಅನುಮತಿ ಸಿಕ್ಕಿದ ಮಾತ್ರಕ್ಕೆ, ಕವಿತೆಯ ಅಂತಿಮ ಪಾಠ ಯಾವುದೆಂದು ನಿರ್ಧರಿಸುವ ಅಧಿಕಾರ ಯಾರಿಗೂ ದೊರೆಯುವುದಿಲ್ಲ. ಅದನ್ನು ಬರೆಯುವವರೇ ಮೊದಲ ಸಾಲಿಗೂ ಮುನ್ನ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.